ದಿಬ್ಬದ ಕ್ಲೆಮ್ ಒಪ್ಪಿಕೊಂಡ ದಿನ

ಆ ಶುಕ್ರವಾರ ಬೆಳಿಗ್ಗೆ ನಾರ್ಬರ್ಟ್ ಯುರ್ಕೊನ ಎಡಗಾಲಿನ ಕಾಲುಚೀಲ ಬೂಟಿನೊಳಗೆ ಜಾರಿ ಹಿಮ್ಮಡಿಯ ಕೆಳಗೆ ಮುದುಡಿ ಕೂತಿತ್ತು, ಅವನು ರೇಡಿಯೊದಲ್ಲಿ ದೇಶದ ಭದ್ರತೆಯ ಬಗ್ಗೆ ಮಾತಾಡುತ್ತಿದ್ದ. ಬೂಟು ಬಿಚ್ಚಿ ಸರಿಮಾಡಿಕೊಳ್ಳಲು ಏನೂ ಅಡ್ಡಿಯಿರಲಿಲ್ಲ, ರೇಡಿಯೊ ಕೇಳುವವರಿಗೆ ಮಾತಾಡುವವನ ಕಾಲು ಕಾಣುವುದಿಲ್ಲ. ಆದರೆ ಗಾಜಿನ ಆಚೆ ರೋಂಡ ಕೂತಿದ್ದಳು. ಫೋನು ಮಾಡಿದವರನ್ನು ಮೊದಲು ತಾನು ಮಾತಾಡಿಸಿ, ಕುಡಿದವರನ್ನೂ ಅಳುವವರನ್ನೂ ಬೇರೆ ಮಾಡಿ, ಉಳಿದವರನ್ನು ಒಳಗೆ ಕಳಿಸುವುದು ಅವಳ ಕೆಲಸ. ಅವಳ ಬಾಯಿ ಸುಮ್ಮನಿರುವುದಲ್ಲ. ‘ಎಚ್ಚರ, ಅಮೆರಿಕ!’ ಎಂದು ದಿನಾ ಬೆಳಿಗ್ಗೆ ಕೂಗುವವನು ಮೇಜಿನಡಿ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ ಎಂಬ ಸುದ್ದಿ ಮಧ್ಯಾಹ್ನದೊಳಗೆ ಹಾರ್ಲನ್ ಫೆರಿ ಊರಿನ ಅರ್ಧ ಜನಕ್ಕೆ ಹಬ್ಬುತ್ತಿತ್ತು. ಹಾಗಾಗಿ ಅವನು ಹಿಮ್ಮಡಿಯನ್ನು ನೆಲಕ್ಕೆ ಒತ್ತಿಕೊಂಡೇ ಮಾತು ಮುಂದುವರಿಸಿದ. “ಯಾರದೋ ಎಣ್ಣೆ, ಯಾರದೋ ಹಡಗು, ಯಾರದೋ ಜಲಸಂಧಿ. ಕಾಯೋಕೆ ಮಾತ್ರ ನಮ್ಮೂರ ಹುಡುಗರು ಬೇಕು. ನಮ್ಮ ಬೇಲಿಗೇ ತೂತು ಬಿದ್ದಿದೆ ಸ್ವಾಮಿ. ಅದನ್ನ ಮುಚ್ಚೋದು ಬಿಟ್ಟು ಇನ್ನೊಬ್ಬರ ಬಾಗಿಲಿಗೆ ಬೀಗ ಹಾಕೋಕೆ ಯುದ್ಧನೌಕೆ ಕಳಿಸ್ತಾರಂತೆ!” ಮಾತು ಚೆನ್ನಾಗಿ ಬಂತು ಅನಿಸಿತು. ಬಂದಾಗಲೆಲ್ಲ ಅವನಿಗೆ ಹೊಟ್ಟೆಯ ಹತ್ತಿರ ಬೆಚ್ಚಗಾಗುತ್ತಿತ್ತು.

ಎಷ್ಟು ಚೆನ್ನಾಗಿ ಬಂದರೂ ವಾದದಲ್ಲಿ ಒಂದು ಕಡೆ ಸಡಿಲ ಬಿಡುವುದು ಅವನ ಕಸುಬಿನ ಮರ್ಮ. ನಾಲ್ಕೂ ಕಡೆ ಗಟ್ಟಿಯಾಗಿ ಕಟ್ಟಿದ ವಾದಕ್ಕೆ ಯಾರು ಫೋನು ಮಾಡುತ್ತಾರೆ? ಆ ಸಡಿಲ ಜಾಗ ದಿಬ್ಬದ ಕ್ಲೆಮ್‌ಗೆ ಮೀಸಲು. ಕ್ಲೆಮ್ ಬಾರ್ಟೋಲಿ, ಉಕ್ಕಿನ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿನ ಕಾರ್ಮಿಕ ಸಂಘದ ಮುಂದಾಳು, ಹುಟ್ಟಾ ಡೆಮಾಕ್ರಟ್, ದಿಬ್ಬದ ಮೇಲಿನ ಬೀದಿಯಲ್ಲಿ ಟೊಮೇಟೊ ಬೆಳೆಸಿಕೊಂಡು ಇರುವ ವಿಧುರ. ಹತ್ತು ಗಂಟೆಯ ವಾರ್ತೆ ಮುಗಿದ ಕೂಡಲೇ ಅವನ ಫೋನು ಬರಬೇಕು, ನಾರ್ಬ್‌ನನ್ನು ಅವನು ಬೈಯಬೇಕು, ನಾರ್ಬ್ ಅವನನ್ನು ಬೈಯಬೇಕು, ಆಮೇಲೆ ಉಳಿದ ಊರೆಲ್ಲ ಫೋನು ಮಾಡಿ ಕ್ಲೆಮ್‌ನನ್ನು ಬೈಯಬೇಕು. ಇದು ಎಷ್ಟೋ ವರ್ಷದಿಂದ ನಡೆದುಕೊಂಡು ಬಂದಿತ್ತು. ಕ್ಲೆಮ್‌ನ ಹೆಂಡತಿ ತೀರಿಕೊಂಡ ವಾರ ಮಾತ್ರ ಫೋನು ಬರಲಿಲ್ಲ, ಆ ವಾರ ನಾರ್ಬ್ ಊಟ ಬಿಟ್ಟಿದ್ದ. ಹಾಗೆಂದು ಇಬ್ಬರೂ ಎದುರಿಗೆ ಒಂದು ಮಾತೂ ಆಡಿದವರಲ್ಲ. ಚರ್ಚಿನಲ್ಲಿ, ಔಷಧಿ ಅಂಗಡಿಯಲ್ಲಿ, ಸಾವಿನ ಮನೆಯಲ್ಲಿ ಎದುರಾದರೆ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ಬೂಟು ನೋಡುತ್ತಿದ್ದ. ಒಮ್ಮೆ ನಮಸ್ಕಾರ ಎಂದುಬಿಟ್ಟರೆ ನಾಳೆ ಬೈಯುವಾಗ ನಾಲಿಗೆ ಹಿಂಜರಿಯುತ್ತದೆಂದು ಇಬ್ಬರಿಗೂ ಹೇಳದೆಯೇ ಗೊತ್ತಿತ್ತು.

ವಾರ್ತೆ ಮುಗಿಯಿತು. ರೋಂಡ ಗಾಜಿನ ಆಚೆಯಿಂದ ಹೆಬ್ಬೆರಳೆತ್ತಿದಳು. ಆದರೆ ಅವಳ ಹುಬ್ಬು ಯಾಕೋ ಮೇಲಕ್ಕೆ ಹೋಗಿತ್ತು.

“ದಿಬ್ಬದ ಕ್ಲೆಮ್ ಬಂದ್ರು ನೋಡಿ,” ಎಂದ ನಾರ್ಬ್, ಎಂದಿನ ಹಾಗೆ ನಿಟ್ಟುಸಿರು ಬೆರೆಸಿ. “ಹೇಳಪ್ಪಾ, ಇವತ್ತು ನಮ್ಮ ದೇಶ ಯಾರಿಗೆ ಒಪ್ಪಿಸೋಣ?”

“ನಾರ್ಬ್, ಇವತ್ತು ಜಗಳಕ್ಕೆ ಬಂದಿಲ್ಲ ಕಣಯ್ಯಾ. ನೀನು ಹೇಳಿದ್ದು ನೂರಕ್ಕೆ ನೂರು ಸರಿ.”

ನಾರ್ಬ್ ನಕ್ಕ. ಇದು ಕ್ಲೆಮ್‌ನ ಹಳೆಯ ವರಸೆ, ಮೊದಲು ಸವರಿ ಆಮೇಲೆ ತಿವಿಯುವುದು. “ಆಮೇಲೆ?” ಎಂದ.

“ಆಮೇಲೆ ಏನೂ ಇಲ್ಲ. ಸರಿ ಅಂದೆ, ಅಷ್ಟೇ.”

“ಅಂದ್ರೆ ಹಡಗಿನ ವಿಷಯದಲ್ಲಿ ಮಾತ್ರ ತಾನೇ? ಗಡಿ ವಿಷಯಕ್ಕೆ ಬಂದ್ರೆ ನೀನು...”

“ಅದನ್ನೂ ಯೋಚನೆ ಮಾಡಿದೆ. ನೀನು ಹೇಳೋದ್ರಲ್ಲಿ ಅರ್ಥ ಇದೆ. ಮನೆ ಬಾಗಿಲು ಅಂದ್ಮೇಲೆ ಚಿಲಕ ಬೇಡ್ವಾ?”

“ಚಿಲಕ,” ಎಂದ ನಾರ್ಬ್. ಮುಂದಿನ ಮಾತು ಅವನಿಗೆ ಹೊಳೆಯಲಿಲ್ಲ. ಮೈಕಿನಲ್ಲಿ ಬರೀ ಗಾಳಿ ಹೋಗುತ್ತಿತ್ತು. ರೇಡಿಯೊದಲ್ಲಿ ಮೌನಕ್ಕಿಂತ ದೊಡ್ಡ ಪಾಪ ಇಲ್ಲ, ಅದು ಅವನಿಗೆ ಗೊತ್ತು, ಅವನೇ ಹೊಸಬರಿಗೆ ಹೇಳಿಕೊಟ್ಟವನು. ಆದರೂ ಬಾಯಿ ತೆರೆದುಕೊಂಡು ಕೂತೇ ಇದ್ದ.

“ನಾನು ಇರಾಕಿನ ಕಾಲದಿಂದ ಬಡ್ಕೊಂಡಿದ್ದೂ ಇದೇ,” ಎಂದ ಕ್ಲೆಮ್, ತುಂಬ ಪ್ರೀತಿಯಿಂದ. “ಕೊನೆಗೂ ಬಂದು ಸೇರಿದೆಯಲ್ಲ ನಮ್ಮ ಕಡೆ. ಸಂತೋಷ ಆಯ್ತು. ಇಡ್ತೀನಿ, ಕಿಟಕೀಲಿಟ್ಟ ಟೊಮೇಟೊ ಸಸಿಗೆ ನೀರು ಹಾಕ್ಬೇಕು.”

ಆಮೇಲೆ ಒಂದು ಫೋನೂ ಬರಲಿಲ್ಲ. ಬೈಯಲು ಯಾರೂ ಇಲ್ಲದ ಮೇಲೆ ಜನ ಯಾಕೆ ಫೋನು ಎತ್ತುತ್ತಾರೆ? ನಾರ್ಬ್ ಕಿವಿಯ ಯಂತ್ರದ ಜಾಹೀರಾತು ಓದಿದ, ನೆಲಮಾಳಿಗೆಗೆ ನೀರು ಬರದಂತೆ ಮಾಡುವವರ ಜಾಹೀರಾತು ಓದಿದ, ಪ್ರಳಯ ಬಂದರೂ ಕೆಡದ ಒಣ ಊಟದ ಡಬ್ಬಿಯ ಜಾಹೀರಾತನ್ನು ಎರಡು ಸಲ ಓದಿದ. ‘ನಮ್ಮ ಕಡೆ’ ಎಂದನಲ್ಲ ಕ್ಲೆಮ್. ಯಾರ ಕಡೆ? ತಾನು ಎಲ್ಲಿಗೂ ಹೋಗಿಲ್ಲ, ಇದೇ ಕುರ್ಚಿಯಲ್ಲಿ ಕೂತಿದ್ದೇನೆ, ಕುರ್ಚಿಯ ಒಂದು ಗಾಲಿ ಮುರಿದು ಎಡಕ್ಕೆ ವಾಲುತ್ತದೆ ಅನ್ನುವುದು ನಿಜ, ಆದರೆ ಅದು ಬೇರೆ ಮಾತು. ಕಾರ್ಯಕ್ರಮ ಮುಗಿಸಿ ಹೊರಗೆ ಬಂದರೆ ಮೊಗಸಾಲೆಯಲ್ಲಿ ರೇಡಿಯೊ ಕೇಂದ್ರದ ವ್ಯವಸ್ಥಾಪಕ ಟ್ರೆಂಟ್ ನಿಂತಿದ್ದ. ನಾರ್ಬ್‌ನ ಮಗನ ವಯಸ್ಸಿನವನು, ಕಾಲರಿಲ್ಲದ ಅಂಗಿ ಹಾಕುವವನು, ಯಾವಾಗಲೂ ಕೈಯಲ್ಲೊಂದು ಹಸಿರು ರಸದ ಬಾಟಲಿ.

“ನಾರ್ಬ್, ಇವತ್ತು ಏನಾಯ್ತು?”

“ಏನಾಯ್ತು ಅಂದ್ರೆ? ಗೆದ್ದೆ! ಇಷ್ಟು ವರ್ಷ ಆದ್ಮೇಲೆ ಆ ಮುದುಕ ಸೋಲೊಪ್ಪಿಕೊಂಡ.”

“ಅದೇ ತೊಂದರೆ. ಗೆದ್ದವರ ಮಾತು ಯಾರು ಕೇಳ್ತಾರೆ ಹೇಳಿ? ಜನ ಕೇಳೋದು ಜಗಳಾನ.” ಟ್ರೆಂಟ್ ರಸ ಹೀರಿದ. “ಸುತ್ತಿ ಬಳಸಿ ಹೇಳಲ್ಲ. ಫ್ಲೋರಿಡಾದವರು ಅವರ ಕಾರ್ಯಕ್ರಮಾನ ಉಪಗ್ರಹದ ಮೂಲಕ ಕೊಡ್ತೀವಿ ಅಂತ ದಿನಾ ಫೋನ್ ಮಾಡ್ತಿದಾರೆ. ನಿಮ್ಮ ಮೇಲೆ ಗೌರವ ಇದೆ ನಂಗೆ. ಆದ್ರೆ ಸೋಮವಾರ ಕ್ಲೆಮ್ ಜಗಳಕ್ಕೆ ಬರ್ಬೇಕು. ಬರ್ಲಿಲ್ಲಾಂದ್ರೆ ಫ್ಲೋರಿಡಾನೇ ಗತಿ.”

“ಅವನ ಬಾಯಿಗೆ ನಾನು ಮಾತು ತುರುಕಕ್ಕಾಗುತ್ತಾ?”

“ಅದು ನಿಮಗೆ ಬಿಟ್ಟಿದ್ದು.” ಹೋಗುತ್ತ ತಿರುಗಿ ನೋಡಿ, “ಕಾಲಿಗೇನಾಯ್ತು, ಕುಂಟ್ತಿದೀರಲ್ಲ?” ಎಂದ. ರೋಂಡ ತನ್ನ ಕೋಣೆಯಿಂದ ಇಣುಕಿದಳು.

ಕಾರು ಕೆಸರಾಗಿತ್ತು. ಮಾರ್ಚ್ ತಿಂಗಳು, ರಸ್ತೆಗೆ ಸುರಿದ ಉಪ್ಪು, ಕರಗಿದ ಹಿಮ, ಎಲ್ಲ ಬಾಗಿಲಿನವರೆಗೂ ಹತ್ತಿತ್ತು. ಊರಿನಲ್ಲೇ ಕಾರು ತೊಳೆಯುವ ಅಂಗಡಿಯಿದೆ, ಆದರೆ ನಾರ್ಬ್ ನದಿ ದಾಟಿ ಪಕ್ಕದ ಊರಿಗೆ ಹೋಗುತ್ತಾನೆ. ಊರಿನ ಅಂಗಡಿ ಡೆನ್ನಿ ಶಿಮ್‌ಕೊನದು. ಡೆನ್ನಿ ಶಾಲೆ ಮುಗಿಸಿದ ಬೇಸಿಗೆ ರೇಡಿಯೊ ಕೇಳುತ್ತ ಕೇಳುತ್ತ ಎದ್ದು ಹೋಗಿ ಸೈನ್ಯಕ್ಕೆ ಹೆಸರು ಬರೆಸಿದ. ಹೋದ, ಮರುಭೂಮಿಯಲ್ಲಿ ಎರಡು ಸಲ ಇದ್ದು ಬಂದ, ಕೈಕಾಲು ನೆಟ್ಟಗಿವೆ, ಬಲಗಿವಿ ಮಾತ್ರ ಹೋಯಿತು. ಈಗಲೂ ನಾರ್ಬ್‌ನನ್ನು ಕಂಡರೆ ಎಡಗಿವಿಯನ್ನು ಮುಂದೆ ತಂದು, “ನಿನ್ನ ಮಾತು ಕೇಳಿಯೇ ಹೋದೆ ನಾರ್ಬ್,” ಎಂದು ನಗುತ್ತಾನೆ. ಆಮೇಲೆ ಕಾರು ತೊಳೆದು ದುಡ್ಡು ಬೇಡ ಎನ್ನುತ್ತಾನೆ. ಆ ನಗೆಯ ಅರ್ಥವೇನೆಂದು ನಾರ್ಬ್‌ಗೆ ಇವತ್ತಿಗೂ ಗೊತ್ತಾಗಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರ ಕೊಡುವುದರಲ್ಲಿ ನಾರ್ಬ್‌ನನ್ನು ಮೀರಿಸಿದವರು ಈ ಕಣಿವೆಯಲ್ಲಿ ಯಾರಿದ್ದಾರೆ? ಆದರೆ ಪುಕ್ಕಟೆ ತೊಳೆದ ಕಾರಿಗೆ ಏನು ಉತ್ತರ ಕೊಡುವುದು? ಇವತ್ತು ಸೇತುವೆಯವರೆಗೆ ಹೋದವನು, ಟ್ರೆಂಟ್‌ನ ಮುಖ ನೆನಪಾಗಿ, ಕಾರು ಹಾಗೇ ಇರಲಿ ಎಂದು ಮನೆಗೆ ತಿರುಗಿಸಿದ.

ಡೊರೀನ್ ಅಡುಗೆಮನೆಯಲ್ಲಿ ಆಕ್ರೋಟು ಅರೆಯುತ್ತಿದ್ದಳು. ಈಸ್ಟರಿಗೆ ಚರ್ಚಿನಲ್ಲಿ ಮಾರಲು ಆಕ್ರೋಟಿನ ಸುರುಳಿ ರೊಟ್ಟಿ ಮಾಡುವ ಹೆಂಗಸರ ತಂಡಕ್ಕೆ ಅವಳೇ ಯಜಮಾನಿ, ಮೊಣಕೈವರೆಗೂ ಹಿಟ್ಟು. ಮೇಜಿನ ಮೇಲೆ ರೇಡಿಯೊ ಇತ್ತು, ಆರಿಸಿತ್ತು.

“ಕೇಳಿದ್ಯಾ?” ಎಂದ ನಾರ್ಬ್.

“ಕೇಳ್ದೆ. ಆ ಒಣ ಊಟದ ಡಬ್ಬಿ ವಿಷಯ ಎರಡನೇ ಸಲ ಬಂದಾಗ ಆರಿಸ್ದೆ.”

“ಕ್ಲೆಮ್ ಹೇಳಿದ್ದು?”

“ಅವನು ಹೇಳಿದ್ರಲ್ಲಿ ತಪ್ಪೇನಿದೆ? ಇರಾಕಿಗೆ ಹೋಗ್ಲೇಬೇಕು ಅಂತ ಆಗ ಈ ಊರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದೋನು ನೀನು. ಯುದ್ಧಕ್ಕೆ ಹೋದ ಹುಡುಗರು ಕ್ಷೇಮವಾಗಿ ಬರ್ಲಿ ಅಂತ ಬಾಗಿಲಿಗೆ, ಮರಕ್ಕೆ, ನಾಯಿಗೆ, ಎಲ್ಲದಕ್ಕೂ ನನ್ನ ಕೈಲಿ ಹಳದಿ ರಿಬ್ಬನ್ ಕಟ್ಟಿಸಿದ್ದೆ. ಈಗ ಹೋಗಬಾರ್ದು ಅಂತೀಯ. ಅವನು ಆಗಲೂ ಹೋಗಬಾರ್ದು ಅಂದ, ಈಗಲೂ ಹೋಗಬಾರ್ದು ಅಂತಾನೆ. ಅತ್ತಿಂದ ಇತ್ತ ನಡೆದು ಬಂದೋರು ಯಾರಪ್ಪಾ ಹಾಗಾದ್ರೆ?”

“ಕಾಲ ಬದಲಾಗಿದೆ ಡೊರೀನ್. ಆಗಿನ ಪರಿಸ್ಥಿತಿ ಬೇರೆ.”

“ಇರಬಹುದು,” ಎಂದು ಅವಳು ಮರದ ಸೌಟಿನಿಂದ ಅವನ ಕೈಗೆ ಹೊಡೆದಳು, ಆಕ್ರೋಟಿಗೆ ಹೋಗುತ್ತಿದ್ದ ಕೈ. “ಇದು ಚರ್ಚಿಂದು.”

ಅವನು ಕುರ್ಚಿ ಎಳೆದು ಕೂತ, ಕೊನೆಗೂ ಬೂಟು ಬಿಚ್ಚಿದ. ತಾನು ಬದಲಾದ ದಿನ ಯಾವುದು? ಮನುಷ್ಯ ಮನಸ್ಸು ಬದಲಿಸಿದರೆ ಅದಕ್ಕೊಂದು ದಿನ ಇರಬೇಕು, ಒಂದು ಬೆಳಿಗ್ಗೆ, ಒಂದು ಸುದ್ದಿ, ಒಂದು ಸಂಕಟ. ಎಷ್ಟು ಹುಡುಕಿದರೂ ಸಿಗಲಿಲ್ಲ. ನೆನಪಿಗೆ ಬಂದದ್ದು ಹಳೆಯದೊಂದು ಮಧ್ಯಾಹ್ನ. ಫ್ರಾನ್ಸಿನವರು ನಮ್ಮ ಯುದ್ಧಕ್ಕೆ ಬರುವುದಿಲ್ಲ ಎಂದ ವರ್ಷ, ರೇಡಿಯೊ ಕಟ್ಟಡದ ಮುಂದೆ ಜನ ಸೇರಿಸಿ, ಫ್ರಾನ್ಸಿನ ದ್ರಾಕ್ಷಾರಸ ಇನ್ನು ಈ ಊರಿನ ಗಂಟಲಿಗೆ ಇಳಿಯಕೂಡದು ಎಂದು ಭಾಷಣ ಬಿಗಿದು ಒಂದು ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದ್ದ. ಜನ ಹೋ ಎಂದರು. ಆಮೇಲೆ ಚೂರು ಗುಡಿಸಲು ಬಂದ ರೋಂಡ ಚೀಟಿ ಅಂಟಿದ್ದ ಗಾಜಿನ ತುಂಡನ್ನು ಬೆಳಕಿಗೆ ಹಿಡಿದು, “ನಾರ್ಬ್, ಇದು ಕ್ಯಾಲಿಫೋರ್ನಿಯದ್ದು,” ಎಂದಿದ್ದಳು. ಅವತ್ತು ಅವನಿಗೆ ನಾಚಿಕೆಯಾದದ್ದು ನಿಜ, ಆದರೆ ಅವತ್ತು ಅವನು ನಂಬಿದ್ದೂ ನಿಜ. ದೇಶಕ್ಕೆ ಏನೋ ಆಗುತ್ತದೆ, ಯಾರೋ ಕಾಯಬೇಕು, ಕಾಯುವವರು ನಿದ್ದೆ ಹೋಗಿದ್ದಾರೆ ಎಂಬ ಭಯ ಅವನಿಗೆ ಚಿಕ್ಕಂದಿನಿಂದ ಇದೆ. ಉಳಿದದ್ದು ಭಯದ ಮೇಲಿನ ಅಂಗಿ, ಕಾಲಕಾಲಕ್ಕೆ ಬದಲಾಗಿರಬಹುದು. ಪ್ರತಿದಿನ ಬೆಳಿಗ್ಗೆ ಅವನು ಮನಸ್ಸಿಗೆ ಬಂದದ್ದನ್ನೇ ಹೇಳಿದ್ದಾನೆ, ಒಂದು ದಿನವೂ ಸುಳ್ಳು ಹೇಳಿಲ್ಲ. ಅಷ್ಟೂ ದಿನಗಳ ನಿಜವನ್ನು ಒಟ್ಟಿಗೆ ಸಾಲಾಗಿ ಇಟ್ಟು ನೋಡುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಕಾಲುಚೀಲದ ಹಿಮ್ಮಡಿ ತೂತಾಗಿತ್ತು.

“ಸಂಜೆ ಮೀನೂಟಕ್ಕೆ ಕ್ಲೆಮ್ ಬಂದೇ ಬರ್ತಾನೆ,” ಎಂದಳು ಡೊರೀನ್. “ಹೋಗಿ ಮಾತಾಡು.”

“ಮಾತಾಡೋದಾ? ಅವನ ಹತ್ರ?”

“ಯಾಕೆ, ಕಚ್ತಾನಾ?”

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಯಾರೂ ಮಾಂಸ ಮುಟ್ಟುವಂತಿಲ್ಲ, ಮೀನಿಗೆ ಮಾತ್ರ ಅಡ್ಡಿಯಿಲ್ಲ, ಹಾಗಾಗಿ ಅಗ್ನಿಶಾಮಕ ದಳದವರು ಬೆಂಕಿ ಆರಿಸುವ ಗಾಡಿಗಳನ್ನು ಹೊರಗೆ ನಿಲ್ಲಿಸಿ, ಅವುಗಳ ಜಾಗದಲ್ಲಿ ಉದ್ದ ಮೇಜು ಹಾಕಿ ಮೀನು ಕರಿಯುತ್ತಾರೆ. ಮಾಂಸ ಬಿಟ್ಟ ವ್ರತಕ್ಕೆ ಅಂಗೈಗಿಂತ ದೊಡ್ಡ ಮೀನು, ಬೆಣ್ಣೆಯಲ್ಲಿ ಈಜುವ ಪಿರೋಗಿ ಕಡುಬು, ಎಲೆಕೋಸು ಹಾಕಿದ ಶಾವಿಗೆ, ಕೊನೆಗೆ ಕೇಕು. ನಾರ್ಬ್ ಸಾಲಿನಲ್ಲಿ ನಿಂತ. ಮುಂದಿದ್ದ ಅಗಲ ಬೆನ್ನು, ಕಂದು ಕೋಟು ಯಾರದೆಂದು ಗೊತ್ತಾಗುವಷ್ಟರಲ್ಲಿ ಹಿಂದೆ ಹತ್ತು ಜನ ಬಂದು ನಿಂತಾಗಿತ್ತು. ಕ್ಲೆಮ್ ಛಾವಣಿ ನೋಡುತ್ತಿದ್ದ. ನಾರ್ಬ್ ಬೂಟು ನೋಡಿದ. ಹೀಗೇ ಇಬ್ಬರೂ ಒಂದೊಂದೇ ಹೆಜ್ಜೆ ಸರಿದು ಮೀನಿನ ಬಾಣಲೆಯ ಹತ್ತಿರ ಬಂದರು. ಬಡಿಸಲು ನಿಂತಿದ್ದವನು ಡೆನ್ನಿ ಶಿಮ್‌ಕೊ, ದಳದ ಏಪ್ರನ್ ಕಟ್ಟಿದ್ದ. ಎಡಗಿವಿ ಮುಂದೆ ತಂದು, “ಇಬ್ಬರದೂ ಒಂದೇ ಲೆಕ್ಕಾನಾ?” ಎಂದು ಕೇಳಿದ.

“ಅಲ್ಲ!” ಎಂದರು ಇಬ್ಬರೂ.

ಕ್ಲೆಮ್ ಮೂಲೆಯ ಮೇಜಿನಲ್ಲಿ ಕೂತ. ನಾರ್ಬ್ ತಟ್ಟೆ ಹಿಡಿದು ಇನ್ನೊಂದು ಮೂಲೆಗೆ ಹೊರಟವನು ನಡುವೆ ನಿಂತ. ಟ್ರೆಂಟ್ ಬಾಗಿಲ ಹತ್ತಿರದ ಮೇಜಿನಲ್ಲಿ ಹಿಟ್ಟನ್ನೆಲ್ಲ ಸುಲಿದು ಮೀನು ಮಾತ್ರ ತಿನ್ನುತ್ತಿದ್ದ. ನಾರ್ಬ್ ತಿರುಗಿ ಬಂದು ಕ್ಲೆಮ್‌ನ ಎದುರು ಕುರ್ಚಿ ಎಳೆದ. ಎದುರಿನಿಂದ ನೋಡಿದರೆ ಕ್ಲೆಮ್‌ನ ಕಣ್ಣು ನೀಲಿ. ಇಷ್ಟು ವರ್ಷ ಬೈದವನ ಕಣ್ಣಿನ ಬಣ್ಣ ತನಗೆ ಗೊತ್ತಿರಲಿಲ್ಲ ಎಂದು ನಾರ್ಬ್‌ಗೆ ವಿಚಿತ್ರವಾದ ಸಂಕಟವಾಯಿತು.

“ಏನಯ್ಯಾ ಇದು, ಹೀಗೆ ಎದುರಿಗೇ ಬಂದು ಕೂತೆ?” ಎಂದ ಕ್ಲೆಮ್ ತಗ್ಗಿದ ದನಿಯಲ್ಲಿ. ಫೋನಿನಲ್ಲಿ ಗುಡುಗುವ ದನಿ ಎದುರಿಗೆ ಬಹಳ ಸಣ್ಣದಾಗಿತ್ತು.

“ಬೆಳಿಗ್ಗೆ ನೀನು ಮಾಡಿದ್ದು ಸರೀನಾ?”

“ನಾನೇನು ಮಾಡ್ದೆ? ಒಪ್ಕೊಂಡೆ.”

“ಅದೇ! ಹೇಳ್ದೆ ಕೇಳ್ದೆ ಒಪ್ಕೊಂಡುಬಿಡೋದಾ? ನನ್ನ ಹೊಟ್ಟೆ ಮೇಲೆ ಹೊಡೀಬೇಡ ಕ್ಲೆಮ್. ಸೋಮವಾರ ನೀನು ಜಗಳ ಆಡ್ಬೇಕು. ಇಲ್ಲಾಂದ್ರೆ ಆ ಹುಡುಗ ನನ್ನ ಜಾಗಕ್ಕೆ ಫ್ಲೋರಿಡಾದೋರನ್ನ ತಂದು ಕೂರಿಸ್ತಾನೆ.”

ಕ್ಲೆಮ್ ಪಿರೋಗಿಯೊಂದನ್ನು ನುಂಗಿದ. “ಸರಿ ಅನಿಸಿದ್ದನ್ನ ತಪ್ಪು ಅಂತ ಹೇಗೆ ಹೇಳ್ಲಿ? ಸಂಘದಲ್ಲಿದ್ದಾಗಲೂ ಹಾಗೆ ಹೇಳಿದೋನಲ್ಲ ನಾನು. ನೀನೇ ಬೇಕಾದ್ರೆ ತಪ್ಪು ಹೇಳು, ನಾನು ಬಂದು ಜಗಳ ಆಡ್ತೀನಿ.”

“ನಾನು ತಪ್ಪು ಹೇಳೋದಾ?”

“ಮೊದಲು ಹೇಳ್ತಿದ್ದೆಯಲ್ಲ, ಚೆನ್ನಾಗೇ ಹೇಳ್ತಿದ್ದೆ.”

“ಅದು ತಪ್ಪಲ್ಲ!” ಎಂದ ನಾರ್ಬ್, ಬೇಕೆಂದದ್ದಕ್ಕಿಂತ ಜೋರಾಗಿ. ಪಕ್ಕದ ಮೇಜಿನವರು ತಿರುಗಿದರು. ತಿರುಗಿದ ಮುಖ ಕಂಡರೆ ಅವನ ಗಂಟಲು ತಾನಾಗಿ ತೆರೆದುಕೊಳ್ಳುತ್ತದೆ, ಅದು ಅವನ ಕೈಯಲ್ಲಿಲ್ಲ. “ಸಮುದ್ರ ಬಿಟ್ಟುಕೊಟ್ಟೋನು ಮನೆಬಾಗಿಲನ್ನೂ ಬಿಟ್ಟುಕೊಡ್ತಾನೆ. ಇವತ್ತು ಜಲಸಂಧಿ ನಮ್ದಲ್ಲ ಅಂದ್ರೆ ನಾಳೆ ಬಂದರು ನಮ್ದಲ್ಲ. ನಿನ್ನ ತಟ್ಟೇಲಿರೋ ಮೀನು ಎಲ್ಲಿಂದ ಬಂತು ಹೇಳು? ನಮ್ಮೂರ ನದೀಲಿ ಹಿಡಿದ್ದಾ? ದೂರದ ಕಡಲಿಂದ ಬಂತು. ಆ ಕಡಲನ್ನ ಯಾರು ಕಾಯ್ತಿದಾರೆ ಅಂದ್ಕೊಂಡೆ? ನಮ್ಮ ನೌಕಾಪಡೆ ಇಲ್ದಿದ್ರೆ ಇವತ್ತು ಬರೀ ಎಲೆಕೋಸು ತಿಂತಿದ್ದೆ ನೀನು!”

ಹೇಳುತ್ತ ಹೇಳುತ್ತ ಎಷ್ಟೋ ವರ್ಷದಿಂದ ಬಾರದ ಹಳೆಯ ಮಾತುಗಳು ಒಂದರ ಹಿಂದೊಂದು ತಾವಾಗಿ ಬಂದು ನಿಂತವು. ಇದು ಜಗಳಕ್ಕಾಗಿ ಹೂಡಿದ ಆಟವೋ, ಅಥವಾ ಇಷ್ಟು ದಿನ ಹೇಳುತ್ತಿದ್ದದ್ದೇ ಆಟವೋ ಅವನಿಗೆ ತಿಳಿಯಲಿಲ್ಲ, ಆದರೆ ಸುಖವಾಗಿತ್ತು. ಬೆಳಿಗ್ಗೆ ನುಡಿದದ್ದೂ ನಿಜವೆನಿಸಿತ್ತು, ಈಗ ನುಡಿಯುತ್ತಿರುವುದು ಅದಕ್ಕಿಂತ ನಿಜವೆನಿಸುತ್ತಿದೆ. ಆಗ ಮೀನಿನ ತಟ್ಟೆ ಹಿಡಿದು ನಿಂತಿದ್ದ ಡೆನ್ನಿ ಕಣ್ಣಿಗೆ ಬಿದ್ದ. ತಲೆ ವಾಲಿಸಿ ಎಡಗಿವಿಯನ್ನು ಇತ್ತ ತಿರುಗಿಸಿಕೊಂಡು ಗಮನವಿಟ್ಟು ಕೇಳುತ್ತಿದ್ದ.

“ಮೊದಲು ನೀನು ಹೇಳ್ತಿದ್ದಿದ್ದು ಇದೇ ನಾರ್ಬ್,” ಎಂದ ಡೆನ್ನಿ. “ನಂಗೆ ಒಂದೊಂದು ಮಾತೂ ನೆನಪಿದೆ.” ಅದೇ ನಗೆ. ತಟ್ಟೆಯನ್ನು ಮೇಜಿನ ಮೇಲಿಟ್ಟು, “ಇನ್ನೊಂದು ಮೀನು ಹಾಕ್ಲಾ?” ಎಂದ.

ನಾರ್ಬ್ ತನ್ನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ, ಮತ್ತೆ ಮುಂದಕ್ಕೆ ತಳ್ಳಿದ. ಡೆನ್ನಿಯ ಹತ್ತಿರ ಕ್ಷಮೆ ಕೇಳಬೇಕು ಎಂದು ಅವನಿಗೆ ಆ ಕ್ಷಣ ಬಲವಾಗಿ ಅನಿಸಿತು, ಆದರೆ ಯಾವುದಕ್ಕೆ, ಅವತ್ತು ಹೇಳಿದ್ದಕ್ಕೋ, ಆಮೇಲೆ ಅದನ್ನು ಬಿಟ್ಟದ್ದಕ್ಕೋ? ಡೆನ್ನಿ ಕಾಯದೆ ಮೀನು ಹಾಕಿ ಹೋದ. ಆ ಸಂದಿನಲ್ಲಿ ಹಿಂದಿನಿಂದ ಯಾರೋ ಕೂಗಿದರು. “ಏನ್ ನಾರ್ಬ್, ವಾಷಿಂಗ್ಟನ್‌ನೋರು ಏನಾದ್ರೂ ಕುಡಿಸಿದ್ರಾ? ಬೆಳಿಗ್ಗೆ ಒಂದು, ಸಂಜೆ ಒಂದಾ?” ಕೂಗಿದ್ದು ಅವನದೇ ಕೇಳುಗರು, ದಿನಾ ಫೋನು ಮಾಡಿ ‘ನಿನ್ನಂಥೋರು ಇನ್ನೂ ಇದ್ದಾರಲ್ಲ, ದೇಶ ಉಳಿಯುತ್ತೆ’ ಎನ್ನುವವರು. ಕ್ಲೆಮ್ ಬಾಯಿ ಒರೆಸಿಕೊಂಡು ಎದ್ದ. ಸಂಘದ ಸಭೆಗಳಲ್ಲಿ ಏಳುತ್ತಿದ್ದ ಹಾಗೆ, ಎರಡೂ ಕೈ ಮೇಜಿನ ಮೇಲೆ ಊರಿ.

“ಮೊದಲ್ನೇದಾಗಿ ಈ ಮೀನಿಗೆ ಬೇಕಾಗಿರೋದು ನೌಕಾಪಡೆ ಅಲ್ಲ, ಉಪ್ಪು,” ಎಂದ. ಹಜಾರ ಗೊಳ್ಳೆಂದಿತು. ದನಿ ಈಗ ಫೋನಿನ ದನಿಯೇ. “ಎರಡ್ನೇದಾಗಿ, ಯಾರದೋ ಎಣ್ಣೆ, ಯಾರದೋ ಹಡಗು, ಯಾರದೋ ಜಲಸಂಧಿ. ಕಾಯೋಕೆ ಮಾತ್ರ ನಮ್ಮೂರ ಹುಡುಗರು ಬೇಕಾ? ನಮ್ಮ ಬೇಲಿಗೇ ತೂತು ಬಿದ್ದಿರೋವಾಗ ಇನ್ನೊಬ್ಬರ ಬಾಗಿಲಿಗೆ ಬೀಗ ಹಾಕೋಕೆ ಹೋಗ್ತೀವಾ?”

ಜನ ಮೇಜು ಬಡಿದರು, ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಇದೇ ಮಾತು ನಾರ್ಬ್ ಹೇಳಿದಾಗ ಅವರೆಲ್ಲ ತಮ್ಮ ತಮ್ಮ ಅಡುಗೆಮನೆಯಲ್ಲಿ, ಕಾರಿನಲ್ಲಿ ಒಬ್ಬೊಬ್ಬರೇ ಇದ್ದರು, ಈ ಚಪ್ಪಾಳೆ ಅವನಿಗೆ ಕೇಳಿರಲಿಲ್ಲ. ತನ್ನ ಮಾತಿಗೆ ಇಷ್ಟು ಚಪ್ಪಾಳೆ ಇತ್ತೆಂದು ಅವನಿಗೆ ಈಗ ತಿಳಿಯಿತು, ಇನ್ನೊಬ್ಬನ ಬಾಯಿಂದ ಬಂದಾಗ. ಕ್ಲೆಮ್‌ನ ಮುಖ ಕೆಂಪಗೆ ಅರಳಿತ್ತು. ಅವನನ್ನು ಇಷ್ಟು ವರ್ಷ ಊರು ಬೈದದ್ದೇ ಹೆಚ್ಚು, ಹೆಂಡತಿ ಹೋದ ಮೇಲೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವನು ಕೂರುವ ಲಕ್ಷಣವೇ ಕಾಣಲಿಲ್ಲ. ಗಡಿಯ ಬಗ್ಗೆ ಹೇಳಿದ, ವಾಷಿಂಗ್ಟನ್ನಿನ ಪಂಡಿತರ ಬಗ್ಗೆ ಹೇಳಿದ, ನಾರ್ಬ್ ಯಾವತ್ತೂ ಹೋಗದಷ್ಟು ದೂರ ಹೋದ.

“ಇದು ನನ್ನ ಮಾತು!” ಎಂದು ನಾರ್ಬ್ ಎದ್ದು ನಿಂತ. “ಕದ್ದ ಮಾತು ಹೇಳೋದು ಸುಲಭ. ದಿನಾ ಬೆಳಿಗ್ಗೆ ಆ ಕುರ್ಚೀಲಿ ಕೂತು ನೋಡು, ಗೊತ್ತಾಗುತ್ತೆ! ಬಾ, ಸೋಮವಾರ ಬಂದು ಕೂತ್ಕೋ! ನಿನ್ನ ಕೈಲಾಗುತ್ತಾ ನೋಡೋಣ!”

ಅಂದ ಕೂಡಲೇ ಟ್ರೆಂಟ್ ಕಾಗದದ ತಟ್ಟೆ ಕೆಳಗಿಟ್ಟ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾರ್ಬ್ ಎಂದೂ ಕಂಡಿರಲಿಲ್ಲ.

“ಒಂದು ವಾರ,” ಎಂದ ಟ್ರೆಂಟ್. “ಸುಮ್ನೆ ನೋಡೋಣ ಅಂತ. ಏನಂತೀರಾ ಕ್ಲೆಮ್?”

ಕ್ಲೆಮ್ ನಾರ್ಬ್‌ನನ್ನು ನೋಡಿದ, ಜನರನ್ನು ನೋಡಿದ. “ಟೊಮೇಟೊ ಸಸಿಗೆ ಬೆಳಿಗ್ಗೆ ಬೇಗನೇ ನೀರು ಹಾಕಿ ಬರ್ತೀನಿ,” ಎಂದ.

ಸೋಮವಾರ ನಾರ್ಬ್ ಎಂದಿನ ಹೊತ್ತಿಗೇ ಎದ್ದ, ಕ್ಷೌರ ಮಾಡಿಕೊಂಡ, ಟೈ ಕಟ್ಟಿದ, ಕಟ್ಟಿದ ಮೇಲೆ ಅಡುಗೆಮನೆಗೆ ಬಂದು ಕೂತ. ಡೊರೀನ್ ಟೈ ನೋಡಿದಳು. ಸುರುಳಿ ರೊಟ್ಟಿಯ ಒಂದು ತುಂಡನ್ನು, ಚರ್ಚಿನದನ್ನೇ, ಅವನ ಮುಂದಿಟ್ಟಳು. ಅವಳು ಹಾಗೆ ಕೊಟ್ಟದ್ದರಿಂದಲೇ ಪರಿಸ್ಥಿತಿ ಎಷ್ಟು ಕೆಟ್ಟಿದೆಯೆಂದು ಅವನಿಗೆ ಗೊತ್ತಾಯಿತು. ರೇಡಿಯೊದಲ್ಲಿ ಕ್ಲೆಮ್ ಕೆಮ್ಮಿದ, ಕಾಗದ ಸರಿಸಿದ, ಮೈಕಿಗೆ ತೀರ ಹತ್ತಿರ ಕೂತು ಉಸಿರಾಡಿದ. ಮೊದಲ ಗಂಟೆ ತಡವರಿಸಿದ. ನಾರ್ಬ್ ಒಂದೊಂದು ತಪ್ಪಿಗೂ ಮೇಜಿನ ಮೇಲೆ ಬೆರಳು ಕುಟ್ಟಿದ. “ಅಲ್ಲಿ ಬಿಡುವು ಕೊಡಬಾರ್ದು,” “ಅದನ್ನ ಹಾಗೆ ಓದಬಾರ್ದು,” ಎಂದು ರೇಡಿಯೊಗೆ ಬುದ್ಧಿ ಹೇಳಿದ. ಆದರೆ ವಾರ್ತೆಯ ಹೊತ್ತಿಗೆ ಕ್ಲೆಮ್ ಹದಕ್ಕೆ ಬಂದಿದ್ದ. ನಗಿಸಿದ, ಹೆಂಡತಿಯ ನೆನಪು ಹೇಳಿದ, ಗಡಿಯ ಬೇಲಿಯನ್ನು ಇನ್ನೂ ಎರಡಾಳು ಎತ್ತರಿಸಿದ. ನಾರ್ಬ್ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ. ತಾನಿಲ್ಲದೆಯೂ ದೇಶ ಎಚ್ಚರವಾಗಿರಬಹುದು ಎಂಬುದು ಅವನು ಯಾವ ಶತ್ರುವಿನಿಂದಲೂ ನಿರೀಕ್ಷಿಸಿರದ ಪೆಟ್ಟು. ಕೈ ತಾನಾಗಿ ಗೋಡೆಯ ಫೋನಿಗೆ ಹೋಯಿತು.

“ಎಚ್ಚರ, ಅಮೆರಿಕ. ಹೆಸರು, ಊರು ಹೇಳಿ,” ಎಂದಳು ರೋಂಡ ಒಂದೇ ಉಸಿರಿಗೆ.

“ರೋಂಡ, ನಾನು.”

“ನಾನು ಅಂದ್ರೆ ಯಾರ್ರೀ? ಸಾಲಲ್ಲಿ ಬೇಕಾದಷ್ಟು ಜನ ಇದಾರೆ.”

“ನಾರ್ಬ್.” ಸ್ವಲ್ಪ ತಡೆದು, “ಗಿರಣಿ ಬೀದಿಯಿಂದ,” ಎಂದ.

ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಕಾಗದದ ಮೇಲೆ ಪೆನ್ನು ಹರಿದ ಸದ್ದು ಮಾತ್ರ ಕೇಳಿತು. ಸಾಲು ಹಿಡಿದು ಕಾಯುವವರಿಗೆ ಕಿವಿಯ ಯಂತ್ರದ ಜಾಹೀರಾತು ಕೇಳಿಸುತ್ತಿತ್ತು, ಅವನದೇ ದನಿಯಲ್ಲಿ. ಇಷ್ಟು ವರ್ಷ ಮೈಕಿನ ಮುಂದೆ ಕೂತಾಗ ಹೀಗಾಗಿರಲಿಲ್ಲ, ಅಂಗೈ ಬೆವರಿ ಫೋನು ಜಾರಿತು, ಇನ್ನೊಂದು ಕೈಗೆ ಬದಲಿಸಿದ. ಡೊರೀನ್ ರೇಡಿಯೊದ ದನಿ ತಗ್ಗಿಸಿ, ಹಿಟ್ಟಿನ ಕೈಯಲ್ಲೇ ಅವನ ಟೈ ಸರಿಮಾಡಿದಳು. ಅಷ್ಟರಲ್ಲಿ ರೋಂಡ ಮತ್ತೆ ಬಂದಳು.

“ಮುಂದಿನದು ನಿಂದೇ. ಕ್ಲೆಮ್ ಈಗ ಹೊಸ ವಿಷಯ ಶುರು ಮಾಡ್ತಾನೆ. ಅವನು ಹೇಳೋದಕ್ಕೆ ನೀನು ಪರಾನಾ, ವಿರೋಧಾನಾ?”

ಆಚೆ ಕ್ಲೆಮ್ ನೀರು ಕುಡಿಯುವ ಸದ್ದು ಕೇಳಿಸುತ್ತಿತ್ತು. ಇನ್ನೂ ಬಾಯಿ ತೆರೆದಿರಲಿಲ್ಲ.

“ವಿರೋಧ,” ಎಂದ ನಾರ್ಬ್.